ಹಳೆಯ ಮಸ್ಟಾಂಗ್ ಕೊಳ್ಳುವವರಿಗೆ: ಮೊದಲು ಅಭಿರುಚಿ, ಆಮೇಲೆ ತಗಡು, ಕೊನೆಗೆ ಎಂಜಿನ್

ಅಮೆರಿಕದಲ್ಲಿರುವ ಕನ್ನಡಿಗರು 1965 ಅಥವಾ 1966ರ ಫೋರ್ಡ್ ಮಸ್ಟಾಂಗ್ ಕೊಂಡಾದ ಮೇಲೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಮಳೆ ಬಂದರೆ ಕಾಲಡಿ ನೀರು ನಿಲ್ಲುವುದೇಕೆ? ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್, ಎಂದು ಕೊಟ್ಟ ಕಾರಿನ ಚಕ್ರಕ್ಕೆ ನಾಲ್ಕೇ ನಟ್ ಇರುವುದೇಕೆ? ಜಿಟಿ, ಅಂದರೆ ವಿಶೇಷ ಸಲಕರಣೆಯ ಕಾರು, ಎಂದು ಹೆಚ್ಚಿನ ದುಡ್ಡು ಕೊಟ್ಟೆ, ಈಗ ಅದನ್ನು ಯಾರೂ ಒಪ್ಪುತ್ತಿಲ್ಲವೇಕೆ? ಇವಕ್ಕೆಲ್ಲ ಕೊಳ್ಳುವ ಮೊದಲೇ ಅರ್ಧ ದಿನದಲ್ಲಿ ಉತ್ತರ ಸಿಗುತ್ತಿತ್ತು.

ಜನ ಎಡವುತ್ತಿರುವುದು ನೋಡುವ ಅನುಕ್ರಮದಲ್ಲಿ. ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಎಂಜಿನ್ ಸದ್ದು ಕೇಳುತ್ತಾರೆ, ದುಡ್ಡು ಕೊಟ್ಟ ಮೇಲೆ ಕಾರಿನ ಅಡಿಗೆ ಇಣುಕುತ್ತಾರೆ. ತಮಗೆ ಎಂಥ ಕಾರು ಬೇಕಿತ್ತು ಎಂಬ ಯೋಚನೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಈ ಕಾರಿನ ಎಂಜಿನ್, ಬ್ರೇಕು, ವೈರಿಂಗ್‌ಗೆ ಬೇಕಾದ ಬಿಡಿಭಾಗಗಳು ಇವತ್ತಿಗೂ ಹೊಸದಾಗಿ ಸಿಗುತ್ತವೆ, ವಾರಾಂತ್ಯದಲ್ಲಿ ಮನೆಯಲ್ಲೇ ಹಾಕಬಹುದು. ತುಕ್ಕು ಹಿಡಿದ ತಗಡಿನ ಕೆಲಸ ಹಾಗಾಗುವುದಿಲ್ಲ. ಬಿಡಿಭಾಗ ಅಗ್ಗವಾದರೂ ಅದನ್ನು ಕತ್ತರಿಸಿ ಬೆಸೆಯುವ ಕೂಲಿಯೇ ಕಾರಿನ ಬೆಲೆಯನ್ನು ಮೀರಬಹುದು. ಅದಕ್ಕಾಗಿ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ.

ಹಂತ 1: ನಿಮ್ಮ ಅಭಿರುಚಿ ಯಾವುದೆಂದು ಬರೆದಿಡಿ

ಹಳೆಯ ಅಮೆರಿಕನ್ ಕಾರುಗಳನ್ನು ಪ್ರೀತಿಸುವವರೆಲ್ಲ ಒಂದೇ ಮತದವರಲ್ಲ. ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಹರ್ಷಿಯ ಹಳೆಯ ಕಾರುಗಳ ಮೇಳಕ್ಕೆ ಬರುವವರು, ಆಗಸ್ಟಿನಲ್ಲಿ ಡೆಟ್ರಾಯಿಟ್ ಬಳಿಯ ವುಡ್‌ವರ್ಡ್ ಅವೆನ್ಯೂ ಮೇಲೆ ಸಾಲುಗಟ್ಟುವವರು, ಲಾಸ್ ಏಂಜಲೀಸಿನ ಬೀದಿಯಲ್ಲಿ 1964ರ ಇಂಪಾಲಾವನ್ನು ಹೈಡ್ರಾಲಿಕ್ಸ್ ಮೇಲೆ ಕುಣಿಸುವವರು ಒಂದೇ ಕಾರನ್ನು ನೋಡಿ ಮೂರು ಬೆಲೆ ಹೇಳುತ್ತಾರೆ. ಹಾಗಾಗಿ ಹಿಂದಿನ ಮಾಲೀಕನ ಅಭಿರುಚಿ ನಿಮ್ಮದಕ್ಕೆ ಹೊಂದದಿದ್ದರೆ ನೀವು ಎರಡು ಸಲ ದುಡ್ಡು ಕಟ್ಟುತ್ತೀರಿ: ಅವನು ಮಾಡಿಸಿದ ಕೆಲಸಕ್ಕೆ ಒಮ್ಮೆ, ಅದನ್ನು ಕಿತ್ತುಹಾಕಲು ಇನ್ನೊಮ್ಮೆ.

ಅಸಲಿತನ ಬಯಸುವವರಿಗೆ ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಯೇ ಮಾನದಂಡ. ಬೋಲ್ಟಿನ ತಲೆಯ ಗುರುತು, ಹೋಸ್ ಕ್ಲ್ಯಾಂಪಿನ ಮಾದರಿ, ಭಾಗಗಳನ್ನು ಎರಕ ಹೊಯ್ದ ತಾರೀಕು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಈ ದಾರಿ ಹಿಡಿದರೆ ಎಲ್ಲ ಭಾಗಗಳೂ ಜೊತೆಗಿರುವ ಕಾರನ್ನೇ ಹುಡುಕಿ. ಕಳೆದುಹೋದ ಒಂದು ಅಸಲಿ ಕಾರ್ಬ್ಯುರೇಟರ್ ಹುಡುಕಲು ತಿಂಗಳುಗಳೇ ಹಿಡಿಯಬಹುದು.

ಸರ್ವೈವರ್ ಎಂದರೆ ಯಾರೂ ಬಿಚ್ಚಿ ಜೋಡಿಸದೆ, ಮೊದಲ ಬಣ್ಣ ಮತ್ತು ಸೀಟಿನ ಬಟ್ಟೆಯೊಂದಿಗೆ ಉಳಿದುಬಂದ ಕಾರು. ಇದನ್ನು ಕೊಂಡು ಹೊಸ ಬಣ್ಣ ಹೊಡೆಸುವುದು ಅತಿ ದೊಡ್ಡ ತಪ್ಪು, ಏಕೆಂದರೆ ನೀವು ಬೆಲೆ ಕೊಟ್ಟಿದ್ದೇ ಆ ಮಾಸಿದ ಬಣ್ಣಕ್ಕೆ. ಹೊಳಪು ಬೇಕೆನ್ನುವವರು ಸರ್ವೈವರನ್ನು ಬೇರೆಯವರಿಗೆ ಬಿಟ್ಟುಬಿಡಿ.

ರೆಸ್ಟೊಮಾಡ್ ಹಳೆಯ ಮೈಗೆ ಹೊಸ ಎಂಜಿನ್, ಸಸ್ಪೆನ್ಷನ್, ಏಸಿ ಕೂರಿಸಿದ ಕಾರು. ಓಡಿಸಲು ಸುಖ. ಆದರೆ ನೀವೇ ಮಾಡಿಸುವುದಾದರೆ ಅಪರೂಪದ ಅಸಲಿ ಕಾರನ್ನು ಕತ್ತರಿಸಬೇಡಿ, ಎಂಜಿನ್ ಇಲ್ಲದ ಆದರೆ ತಗಡು ಗಟ್ಟಿಯಿರುವ ಸಾಧಾರಣ ಕೂಪ್ (ಗಟ್ಟಿ ಚಾವಣಿಯ ಎರಡು ಬಾಗಿಲಿನ ಕಾರು) ಸಾಕು.

ಉಳಿದವರು ಡ್ರೈವರ್ ಪಂಗಡ. ಭಾನುವಾರ ಹೊರಗೆ ತೆಗೆದು ಕಾಫಿಗೆ ಹೋಗಿಬರಲು ಕಾರು ಬೇಕು, ಸಣ್ಣ ಗೀರು ಬಿದ್ದರೆ ನಿದ್ದೆ ಕೆಡಬಾರದು. ಮೊದಲ ಸಲ ಕೊಳ್ಳುವವರಿಗೆ ನಮ್ಮ ಸಲಹೆ ಇದೇ: 289 ಘನ ಇಂಚಿನ ವಿ8 ಎಂಜಿನ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಕೂಪ್ ಮೈ. ಚಾವಣಿ ಹಿಂದಕ್ಕೆ ಇಳಿಜಾರಾಗಿರುವ ಫಾಸ್ಟ್‌ಬ್ಯಾಕ್ ಮತ್ತು ಚಾವಣಿ ಮಡಚುವ ಕನ್ವರ್ಟಿಬಲ್‌ಗಳ ಬೆಲೆ ಹೆಚ್ಚು, ಕನ್ವರ್ಟಿಬಲ್‌ನಲ್ಲಿ ತುಕ್ಕಿನ ಅಪಾಯವೂ ಹೆಚ್ಚು.

ನಿಮ್ಮ ಪಂಗಡ ತೀರ್ಮಾನವಾದ ಮೇಲೆ ಹಾಳೆಯೊಂದರಲ್ಲಿ ಎರಡು ಸಾಲು ಎಳೆದು, ಮರಳಿ ಸರಿಮಾಡಬಹುದಾದ ಬದಲಾವಣೆಗಳನ್ನು ಒಂದು ಕಡೆ, ಆಗದವನ್ನು ಇನ್ನೊಂದು ಕಡೆ ಬರೆಯಿರಿ. ಎಲೆಕ್ಟ್ರಾನಿಕ್ ಇಗ್ನಿಷನ್, ಮುಂದಿನ ಡಿಸ್ಕ್ ಬ್ರೇಕ್, ದೊಡ್ಡ ರೇಡಿಯೇಟರ್, ಬೇರೆ ಚಕ್ರ ಇವೆಲ್ಲ ಬೋಲ್ಟ್ ಬಿಚ್ಚಿದರೆ ಹೋಗುತ್ತವೆ. ಶಾಕ್ ಟವರ್ (ಮುಂದಿನ ಸಸ್ಪೆನ್ಷನ್ ಹಿಡಿದಿಡುವ ತಗಡಿನ ಗೋಪುರ) ಕತ್ತರಿಸಿ ಹೊಸ ಮುಂಭಾಗದ ಸಸ್ಪೆನ್ಷನ್ ಬೆಸೆದಿರುವುದು, ಅಗಲ ಟೈರಿಗಾಗಿ ಹಿಂದಿನ ವೀಲ್ ಹೌಸ್ (ಚಕ್ರದ ಮೇಲಿನ ತಗಡಿನ ಗೂಡು) ಕೊಯ್ದಿರುವುದು, ಸ್ಟೀರಿಯೋಗಾಗಿ ಡ್ಯಾಶ್‌ಬೋರ್ಡ್ ಕತ್ತರಿಸಿರುವುದು ಎರಡನೇ ಸಾಲಿನವು. ಅಸಲಿತನ ಬೇಕೆನ್ನುವವರು ಎರಡನೇ ಸಾಲಿನ ಒಂದೇ ಒಂದು ಅಂಶ ಕಂಡರೂ ಅಲ್ಲಿಂದಲೇ ಹಿಂತಿರುಗಿ.

ಹಂತ 2: ಕೈಯಲ್ಲಿ ಇರಬೇಕಾದ ಸಾಮಾನು

ಫ್ರಿಜ್ಜಿಗೆ ಅಂಟಿಸುವಂಥ ತೆಳು ಆಯಸ್ಕಾಂತ, ಒಳ್ಳೆಯ ಟಾರ್ಚ್, ಕಡ್ಡಿಗೆ ಕಟ್ಟಿದ ಪುಟ್ಟ ಕನ್ನಡಿ, ಮೊಂಡು ಸ್ಕ್ರೂ ಡ್ರೈವರ್, 2 ಗ್ಯಾಲನ್ ನೀರು, ಕಂಪ್ರೆಷನ್ ಗೇಜ್, ವ್ಯಾಕ್ಯೂಮ್ ಗೇಜ್, ಸ್ಪಾರ್ಕ್ ಪ್ಲಗ್ ಸಾಕೆಟ್, ಟ್ರಾಲಿ ಜ್ಯಾಕ್, ಎರಡು ಜ್ಯಾಕ್ ಸ್ಟ್ಯಾಂಡ್, ಹಳೆಯ ಬಟ್ಟೆ. ಬಣ್ಣದ ದಪ್ಪ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಬರೀ ಜ್ಯಾಕ್ ಮೇಲೆ ನಿಂತ ಕಾರಿನಡಿ ಎಂದೂ ತಲೆ ಹಾಕಬೇಡಿ. ತುಕ್ಕು ತಿಂದ ಫ್ರೇಮ್ ರೈಲ್ (ಕಾರಿನಡಿಯ ಉದ್ದನೆಯ ತಗಡಿನ ತೊಲೆ) ಜ್ಯಾಕಿನ ಒತ್ತಡಕ್ಕೆ ಕುಸಿಯಬಹುದು. ಹಾಗೆ ಕುಸಿಯುವ ಸದ್ದು ಕೇಳಿದರೆ ತಪಾಸಣೆ ಅಲ್ಲಿಗೇ ಮುಗಿಯಿತು.

ಹಂತ 3: ಕಾರು ಯಾವುದು ಎಂಬುದನ್ನು ಅದರಿಂದಲೇ ಓದಿ

ಮಾರುವವರ ಮಾತಿಗಿಂತ ಮೊದಲು ವಿನ್ ನಂಬರ್ (ಕಾರಿನ ಗುರುತಿನ ಸಂಖ್ಯೆ) ಓದಿ. ಬಾನೆಟ್ ಎತ್ತಿ, ಚಾಲಕನ ಬದಿಯ ಒಳ ಫೆಂಡರಿನ (ಮುಂದಿನ ಚಕ್ರದ ಮೇಲಿನ ಒಳ ತಗಡಿನ) ಮೇಲಂಚು ನೋಡಿ. ಫೆಂಡರಿನಲ್ಲಿ ಕೊರೆದ ಸಂದಿಯ ಮೂಲಕ 11 ಅಕ್ಷರ-ಅಂಕಿಗಳು ಕಾಣುತ್ತವೆ. 17 ಅಂಕಿಯ ಪದ್ಧತಿ ಬಂದದ್ದು 1981ರಲ್ಲಿ, ಆದ್ದರಿಂದ ಈಗಿನ ಕಾರುಗಳಿಗೆ ಬಳಸುವ ಆನ್‌ಲೈನ್ ಇತಿಹಾಸ ವರದಿಗಳನ್ನು ಇಲ್ಲಿ ನೆಚ್ಚಬೇಡಿ.

ಮೊದಲ ಅಂಕಿ ವರ್ಷ: 5 ಎಂದರೆ 1965, 6 ಎಂದರೆ 1966. ಎರಡನೆಯದು ಕಾರ್ಖಾನೆ: ಎಫ್ ಡಿಯರ್‌ಬಾರ್ನ್, ಟಿ ಮೆಟುಚನ್, ಆರ್ ಸ್ಯಾನ್ ಹೋಸೆ. ಬೇ ಏರಿಯಾದವರಿಗೆ ಖುಷಿಯಾಗುವ ಸಂಗತಿಯೆಂದರೆ ಆ ಸ್ಯಾನ್ ಹೋಸೆ ಕಾರ್ಖಾನೆ ಇದ್ದದ್ದು ಮಿಲ್ಪಿಟಸ್‌ನಲ್ಲಿ, ಈಗ ಗ್ರೇಟ್ ಮಾಲ್ ಇರುವ ಜಾಗದಲ್ಲೇ. ಮುಂದಿನ ಎರಡು ಅಂಕಿ ಮೈಯ ಮಾದರಿ: 07 ಕೂಪ್, 08 ಕನ್ವರ್ಟಿಬಲ್, 09 ಫಾಸ್ಟ್‌ಬ್ಯಾಕ್. ಐದನೆಯ ಅಕ್ಷರ ಎಂಜಿನ್, ದುಡ್ಡಿನ ಮಟ್ಟಿಗೆ ಇದೇ ಮುಖ್ಯ.

ಟಿ ಎಂದರೆ 200 ಘನ ಇಂಚಿನ ಆರು ಸಿಲಿಂಡರ್. ಸಿ ಎಂದರೆ ಎರಡು ಬ್ಯಾರೆಲ್ ಕಾರ್ಬ್ಯುರೇಟರಿನ 289, 200 ಅಶ್ವಶಕ್ತಿ. ಎ ಎಂದರೆ ನಾಲ್ಕು ಬ್ಯಾರೆಲಿನ 289, 225 ಅಶ್ವಶಕ್ತಿ. ಕೆ ಎಂದರೆ 271 ಅಶ್ವಶಕ್ತಿಯ ಹೈ ಪರ್ಫಾರ್ಮೆನ್ಸ್ 289. ಐದನೆಯ ಅಕ್ಷರ ಟಿ ಇದ್ದು ಬಾನೆಟ್ಟಿನಡಿ ವಿ8 ಇದ್ದರೆ ಯಾರೋ ಆಮೇಲೆ ಬದಲಿಸಿದ್ದಾರೆ. ಬದಲಿಸಿದ್ದು ತಪ್ಪೇನಲ್ಲ, ಅರ್ಧಂಬರ್ಧ ಬದಲಿಸಿದ್ದು ಅಪಾಯ. ಆರು ಸಿಲಿಂಡರಿನ ಕಾರಿಗೆ ಚಕ್ರಕ್ಕೆ ನಾಲ್ಕು ನಟ್, ವಿ8ಗೆ ಐದು. ಎಂಜಿನ್ ಮಾತ್ರ ಬದಲಿಸಿ ಹಗುರ ಬ್ರೇಕು, ಸ್ಪಿಂಡಲ್, 7.25 ಇಂಚಿನ ಹಿಂದಿನ ಆಕ್ಸಲನ್ನು ಹಾಗೇ ಬಿಟ್ಟಿದ್ದರೆ ಆ ಕಾರು ವಿ8ನ ತೂಕಕ್ಕೂ ಬಲಕ್ಕೂ ತಕ್ಕಂತೆ ನಿಲ್ಲುವುದಿಲ್ಲ. ಅಸಲಿ ವಿ8ಗೆ 8 ಇಂಚಿನ ಆಕ್ಸಲ್ ಇರುತ್ತದೆ, ಕೆ ಕಾರಿಗೆ 9 ಇಂಚಿನದು.

ಈಗ ಹೆಚ್ಚು ಜನ ಮೋಸಹೋಗುವ ಜಾಗ. ಜಿಟಿ ಎಂಬುದು ವಿನ್ ನಂಬರಿನಲ್ಲೂ ಬಾಗಿಲಿಗೆ ಹೊಡೆದ ಮಾಹಿತಿಯ ತಗಡಿನಲ್ಲೂ ಬರೆದಿರುವುದಿಲ್ಲ. ಆದರೆ 1965–66ರಲ್ಲಿ ಫೋರ್ಡ್ ಜಿಟಿ ಸಲಕರಣೆಯನ್ನು ಎ ಅಥವಾ ಕೆ ಎಂಜಿನ್ ಇದ್ದ ಕಾರಿಗಷ್ಟೇ ಕೊಟ್ಟಿತು. ಹಾಗಾಗಿ ಐದನೆಯ ಅಕ್ಷರ ಸಿ ಅಥವಾ ಟಿ ಇದ್ದ ಮೇಲೆ ಜಿಟಿ ಬ್ಯಾಡ್ಜಿಗೆ ಒಂದು ಡಾಲರ್ ಕೂಡ ಹೆಚ್ಚು ಕೊಡಬೇಡಿ. ಎ ಇದ್ದರೆ ಹಿಂದಿನ ಫ್ರೇಮ್ ರೈಲಿಗೆ ಜೋಡಿ ಸೈಲೆನ್ಸರ್ ತೂಗುಹಾಕಲು ಕಾರ್ಖಾನೆಯಲ್ಲೇ ಬೆಸೆದ ಬಲವರ್ಧನೆಯ ತಗಡು ಇದೆಯೇ ನೋಡಿ. ಮಂಜಿನ ದೀಪ, ಪಟ್ಟೆ, ಬ್ಯಾಡ್ಜು ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ, ಆ ಬೆಸುಗೆಯನ್ನು ಅನುಕರಿಸಲು ಮಾತ್ರ ಶ್ರಮ ಬೇಕು.

“ನಂಬರ್ಸ್ ಮ್ಯಾಚಿಂಗ್”, ಅಂದರೆ ಎಂಜಿನ್ನಿನ ನಂಬರ್ ಕಾರಿನದಕ್ಕೆ ಹೊಂದುತ್ತದೆ, ಎಂಬ ಮಾತನ್ನೂ ತೂಗಿ ನೋಡಿ. ಈ ವರ್ಷಗಳಲ್ಲಿ ಎಂಜಿನ್ ಬ್ಲಾಕಿನ ಮೇಲೆ ವಿನ್ ಒತ್ತಿದ್ದು ಕೆ ಕಾರುಗಳಿಗೆ ಮಾತ್ರ. ಸಿ ಅಥವಾ ಎ ಕಾರಿಗೆ ನಂಬರ್ ಹೊಂದುತ್ತದೆ ಎಂದರೆ, ಹೊಂದಿಸಿ ನೋಡಲು ಬ್ಲಾಕಿನ ಮೇಲೆ ನಂಬರೇ ಇಲ್ಲ. ನೋಡಬಹುದಾದದ್ದು ಎರಕದ ತಾರೀಕು. ಉದಾಹರಣೆಗೆ 5ಸಿ12 ಎಂದರೆ 1965ರ ಮಾರ್ಚ್ 12. ತಿಂಗಳಿನ ಅಕ್ಷರಗಳಲ್ಲಿ ಐ ಬಳಸುವುದಿಲ್ಲ, ಸೆಪ್ಟೆಂಬರಿಗೆ ಜೆ. ಎರಕದ ದಿನ ಕಾರು ತಯಾರಾದ ದಿನಕ್ಕಿಂತ ಕೆಲವು ವಾರ ಹಿಂದಿದ್ದರೆ ಸರಿ, ಮುಂದಿದ್ದರೆ ಅದು ಬೇರೆ ಕಾರಿನ ಎಂಜಿನ್.

ಚಾಲಕನ ಬಾಗಿಲಿನ ತಗಡಿನಲ್ಲಿ ಬಣ್ಣ, ಒಳಾಂಗಣ, ಆಕ್ಸಲ್, ಗೇರ್‌ಬಾಕ್ಸ್ ಸಂಕೇತಗಳಿರುತ್ತವೆ. ಅದನ್ನು ಹೊಸದಾಗಿ ಒತ್ತಿಕೊಡುವವರಿದ್ದಾರೆ, ಬಾಗಿಲನ್ನೇ ಬದಲಿಸಿರಲೂಬಹುದು. ಆದ್ದರಿಂದ ಒಳ ಫೆಂಡರಿನ ನಂಬರಿಗೆ ಹೊಂದದ ಬಾಗಿಲ ತಗಡನ್ನು ಸಾಕ್ಷಿಯೆಂದು ಪರಿಗಣಿಸಬೇಡಿ. ಫೋರ್ಡ್ ದಾಖಲೆಗಳಿಂದ ತೆಗೆದುಕೊಡುವ ಮಾರ್ಟಿ ರಿಪೋರ್ಟ್ ಸಿಗುವುದು 1967 ಮತ್ತು ನಂತರದ ಕಾರುಗಳಿಗೆ. 1965–66ರದಕ್ಕೆ ಅದಿದೆ ಎನ್ನುವವರ ಬಳಿ ಎಚ್ಚರ.

ಬೇರೆ ಕಂಪನಿಯ ಕಾರು ನೋಡುತ್ತಿರುವವರಿಗೂ ಇದೇ ನಿಯಮ. ಪಾಂಟಿಯಾಕ್ ಜಿಟಿಒ 1966ರಿಂದ ವಿನ್ ಆರಂಭದ 242ರಿಂದ ಗೊತ್ತಾಗುತ್ತದೆ. 1964–65ರಲ್ಲಿ ಅದು ಲೆಮಾನ್ಸ್‌ನ ಐಚ್ಛಿಕ ಸಲಕರಣೆಯಾಗಿದ್ದರಿಂದ ಗೊತ್ತಾಗದು. ಶೆವೆಲ್ ಎಸ್‌ಎಸ್ 396 ಆದರೆ 1966ರಿಂದ 1968ರವರೆಗೆ 138 ಎಂದು ಆರಂಭ, 1969ರಿಂದ ವಿನ್ ಏನನ್ನೂ ಹೇಳುವುದಿಲ್ಲ.

ಹಂತ 4: ತಗಡು, ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ

ಈ ಕಾರಿಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಹೊಸ ಬಣ್ಣದ ಕಾರೊಂದು ಸುಣ್ಣ ಬಳಿದ ಗೆದ್ದಲು ಕಂಬದಂತೆ ಒಳಗೆ ಟೊಳ್ಳಾಗಿರಬಹುದು.

ಮೊದಲ ಪರೀಕ್ಷೆ ನೀರಿನದು. ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿಗೆ ಹಿಂದೆ, ಗಾಳಿ ಒಳಬರುವ ಸೀಳುಗಳಿವೆ. ಅವುಗಳ ಕೆಳಗಿನ ತಗಡಿನ ಪೆಟ್ಟಿಗೆಗೆ ಕೌಲ್ ಎನ್ನುತ್ತಾರೆ. ಕಾರ್ಪೆಟ್ ಮೇಲೆತ್ತಿ, ಒಬ್ಬರು ಡ್ಯಾಶ್‌ಬೋರ್ಡಿನ ಅಡಿ ಟಾರ್ಚ್ ಹಿಡಿದಿರಲಿ, ಇನ್ನೊಬ್ಬರು ಸೀಳುಗಳಿಗೆ ನಿಧಾನವಾಗಿ ನೀರು ಸುರಿಯಲಿ. ಎರಡೂ ಬದಿ ಸುರಿಯಿರಿ. ನೀರು ಮುಂದಿನ ಚಕ್ರಗಳ ಹಿಂದೆ ನೆಲಕ್ಕೆ ಹರಿಯಬೇಕು. ಒಳಗೆ ತೊಟ್ಟಿಕ್ಕಿದರೆ ಕೌಲ್ ತುಕ್ಕು ಹಿಡಿದಿದೆ. ಎಲೆ, ಕಸ ಅಲ್ಲಿ ಸೇರಿ ವರ್ಷಗಟ್ಟಲೆ ತೇವ ಹಿಡಿದಿಡುವುದೇ ಕಾರಣ. ಸರಿಪಡಿಸಲು ಫೆಂಡರ್‌ಗಳನ್ನು ಕಳಚಿ, ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಕೊರೆದು, ಕೌಲಿನ ಮೇಲ್ಭಾಗ ಎತ್ತಬೇಕು. ಪೆಟ್ಟಿಗೆಯೊಳಗೆ ಸೀಲೆಂಟ್ ಸುರಿದು ಮುಚ್ಚಿದ ಕಾರುಗಳೂ ಬರುತ್ತವೆ. ಆ ಮದ್ದು ಒಂದೆರಡು ಮಳೆಗಾಲಕ್ಕಷ್ಟೇ.

ಕಾರ್ಪೆಟ್ ಎತ್ತಿದ್ದಾಗಲೇ ನೆಲದ ತಗಡು ನೋಡಿ. ಕೌಲ್ ಸೋರಿದರೆ ಮುಂದಿನ ನೆಲವೂ ಹೋಗಿರುತ್ತದೆ. ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ಹಳೆಯ ನೆಲದ ಮೇಲೆಯೇ ಹೊಸ ತಗಡು ರಿವೆಟ್ ಹೊಡೆದು ಕೂರಿಸಿದ್ದರೆ ಎರಡು ಪದರದ ನಡುವೆ ನೀರು ನಿಂತು ಕೆಳಗಿನ ಫ್ರೇಮ್ ರೈಲನ್ನೂ ತಿನ್ನುತ್ತದೆ. ಕಾರಿನಡಿ ದಪ್ಪನೆಯ ಹೊಸ ಕಪ್ಪು ಅಂಡರ್‌ಕೋಟ್ ಕಂಡರೆ ಅದರ ಹಿಂದೆ ಏನೋ ಇದೆ ಎಂದೇ ಎಣಿಸಿ.

ಮುಂದೆ ಬಲಬದಿಯ ಬ್ಯಾಟರಿ ಕೆಳಗಿನ ತಗಡು ನೋಡಿ. ಆಸಿಡ್ ಸೋರಿ ಅಲ್ಲಿನ ಏಪ್ರನ್ನೂ (ಒಳ ಫೆಂಡರ್) ಕೆಳಗಿನ ಫ್ರೇಮ್ ರೈಲೂ ಕರಗಿರುವುದು ಸಾಮಾನ್ಯ. ಅಲ್ಲಿಂದ ಶಾಕ್ ಟವರ್‌ಗೆ ಬನ್ನಿ. ಮೇಲಿನ ಕಂಟ್ರೋಲ್ ಆರ್ಮ್ ಬೋಲ್ಟ್‌ಗಳ ಸುತ್ತ ಕನ್ನಡಿ ಹಿಡಿದು ಬಿರುಕು ಹುಡುಕಿ. ಕೆಲವು ಕಾರಿನಲ್ಲಿ ಎರಡು ಟವರ್‌ಗಳೂ ಒಳಕ್ಕೆ ವಾಲಿರುತ್ತವೆ. ಟವರ್‌ಗಳನ್ನು ಕೌಲಿಗೆ ಕಟ್ಟುವ ಎಕ್ಸ್‌ಪೋರ್ಟ್ ಬ್ರೇಸ್ ಬೋಲ್ಟಿನ ರಂಧ್ರಕ್ಕೆ ಸಲೀಸಾಗಿ ಕೂರದಿದ್ದರೆ ಈ ವಾಲಿಕೆಯನ್ನು ಶಂಕಿಸಿ.

ಹಿಂದೆ ಡಿಕ್ಕಿ ತೆರೆಯಿರಿ. 1965–66ರಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ, ಸುತ್ತಲೂ ಸ್ಕ್ರೂಗಳು ಕಾಣಬೇಕು. ಪೆಟ್ರೋಲ್ ವಾಸನೆ ಬಂದರೆ ಟ್ಯಾಂಕ್, ಅದರ ಸೀಲ್ ಅಥವಾ ತುಂಬುವ ಕೊಳವೆಯ ಹೋಸ್ ಕೆಟ್ಟಿದೆ. ಹಿಂದಿನ ಚಕ್ರಗಳ ಸುತ್ತ, ಕ್ವಾರ್ಟರ್ ಪ್ಯಾನೆಲಿನ (ಹಿಂದಿನ ಪಕ್ಕದ ತಗಡಿನ) ಬುಡ, ಬಾಗಿಲಿನ ಕೆಳಂಚಿನ ಮೇಲೆ ಆಯಸ್ಕಾಂತ ಓಡಿಸಿ. ಹಿಡಿಯದ ಕಡೆ ಪುಟ್ಟಿ ಇದೆ. ಮೀಟರ್ ಇದ್ದರೆ ಕಾರ್ಖಾನೆಯ ಬಣ್ಣ 75ರಿಂದ 150 ಮೈಕ್ರಾನ್ ಆಸುಪಾಸು ತೋರಿಸುತ್ತದೆ. ಎರಡನೇ ಸಲ ಬಣ್ಣ ಹೊಡೆದಿದ್ದರೆ ಅದರ ಇಮ್ಮಡಿ ಇರಬಹುದು, 500 ದಾಟಿದರೆ ಕೆಳಗೆ ಪುಟ್ಟಿ.

ಕನ್ವರ್ಟಿಬಲ್‌ಗೆ ಒಂದು ಹೆಚ್ಚುವರಿ ಪರೀಕ್ಷೆ: ನೆಲದ ಮೇಲೆ ನಿಂತಾಗ ಬಾಗಿಲಿನ ಸಂದಿ ನೋಡಿಕೊಂಡು, ಮುಂದಿನ ಒಂದು ಮೂಲೆಯನ್ನು ಜ್ಯಾಕಿನಿಂದ ಎತ್ತಿ ಮತ್ತೆ ನೋಡಿ. ಸಂದಿ ಕಣ್ಣಿಗೆ ಕಾಣುವಷ್ಟು ಬದಲಾದರೆ ಅಥವಾ ಬಾಗಿಲು ಸಿಕ್ಕಿಕೊಂಡರೆ ಒಳಗಿನ ರಾಕರ್ (ಬಾಗಿಲಿನ ಕೆಳಗಿನ ತೊಲೆ) ಸತ್ತಿದೆ. ಅಂಥ ಕಾರು ಬಿಟ್ಟುಬಿಡಿ.

ಹಂತ 5: ಎಂಜಿನ್, ತಣ್ಣಗಿದ್ದಾಗಲೇ

ನೀವು ಬರುವ ಮೊದಲು ಸ್ಟಾರ್ಟ್ ಮಾಡಬಾರದೆಂದು ಮುಂಚೆಯೇ ಹೇಳಿ. ಬಂದ ಕೂಡಲೇ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನನ್ನೋ ಮರೆಮಾಡಲು ಕಾಯಿಸಿಟ್ಟಿರಬಹುದು, ಇನ್ನೊಂದು ದಿನ ಬನ್ನಿ.

ಮೊದಲ ಸ್ಟಾರ್ಟಿನಲ್ಲಿ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಸವೆದಿದೆ, ಅದು ಸಣ್ಣ ಕೆಲಸ. ಓಡುತ್ತಿರುವಷ್ಟು ಹೊತ್ತೂ ನೀಲಿ ಬಂದರೆ ಪಿಸ್ಟನ್ ರಿಂಗ್. ಎಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್. ಬಿಸಿಯಾದ ಎಂಜಿನ್‌ನಲ್ಲಿ ಇಂಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ. ಸಮುದ್ರಮಟ್ಟದ ಊರಿನಲ್ಲಿ ಮುಳ್ಳು 17ರಿಂದ 21 ಇಂಚಿನ (ಪಾದರಸದ ಅಳತೆ) ನಡುವೆ ಅಲುಗದೆ ನಿಲ್ಲಬೇಕು. ತಾಳಬದ್ಧವಾಗಿ ಕೆಳಗೆ ಜಿಗಿದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ.

ಕಂಪ್ರೆಷನ್ ನೋಡಲು ಎಂಟೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ಕಳಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು ಪ್ರತಿ ಸಿಲಿಂಡರನ್ನೂ ಒಂದೇ ಲೆಕ್ಕದ ಸುತ್ತು ತಿರುಗಿಸಿ. ಅತಿ ಕಡಿಮೆಯದು ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ: ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಥ್ರಾಟಲ್ ತೆರೆಯುವುದನ್ನು ಮರೆತರೆ ಎಲ್ಲ ಅಳತೆಯೂ ಕಡಿಮೆ ಬರುತ್ತದೆ, ಒಳ್ಳೆಯ ಎಂಜಿನ್ನನ್ನು ಕೆಟ್ಟದ್ದೆಂದು ಬಿಟ್ಟುಬರುತ್ತೀರಿ.

ಹಂತ 6: ಓಡಿಸಿ ನೋಡುವುದು

ಹೊರಡುವ ಮೊದಲು ಬ್ರೇಕ್ ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ನಿಧಾನವಾಗಿ ಇಳಿಯುತ್ತಿದ್ದರೆ ಓಡಿಸಲೇಬೇಡಿ. 1966ರವರೆಗೆ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ, ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ.

ಆಟೋಮ್ಯಾಟಿಕ್ ಸಿ4 ಗೇರ್‌ಬಾಕ್ಸಿನ ಲಿವರ್‌ನಲ್ಲಿ ಡಿ ಅಕ್ಷರ ಇರುವುದಿಲ್ಲ, ಎರಡು ಚುಕ್ಕೆಗಳಿರುತ್ತವೆ. ಹಸಿರು ಚುಕ್ಕೆಯಲ್ಲಿಟ್ಟರೆ ಮೊದಲ ಗೇರಿನಿಂದ ಹೊರಡುತ್ತದೆ, ಇನ್ನೊಂದರಲ್ಲಿ ಎರಡನೆಯದರಿಂದ. ಇದು ತಿಳಿಯದೆ ಕಾರಿಗೆ ಎಳೆತವಿಲ್ಲ ಎಂದು ಹಲವರು ತಪ್ಪು ತಿಳಿಯುತ್ತಾರೆ. ಆಯಿಲ್ ಕೂಡ ಟೈಪ್ ಎಫ್ ಆಗಿರಬೇಕು.

ನಿಂತಾಗ ಸ್ಟೀರಿಂಗ್ ಚಕ್ರದ ಅಂಚಿನಲ್ಲಿ ಒಂದೂವರೆ ಇಂಚಿಗಿಂತ ಹೆಚ್ಚು ಆಟವಿದ್ದರೆ ಸ್ಟೀರಿಂಗ್ ಬಾಕ್ಸ್ ಮತ್ತು ಟೈ ರಾಡ್ ತುದಿಗಳನ್ನು ನೋಡಿಸಿ. 15 ನಿಮಿಷ ಓಡಿಸಿ, ಬಂದು ಐದು ನಿಮಿಷ ನಿಂತಲ್ಲೇ ಚಾಲೂ ಇಡಿ. ಬಿಸಿ ಏರುತ್ತಲೇ ಹೋದರೆ ಅಥವಾ ಆಯಿಲ್ ಪ್ರೆಷರ್ ತೀರಾ ಇಳಿದರೆ ಬೆಲೆಯ ಮಾತು ಅಲ್ಲಿಂದ ಶುರುವಾಗಲಿ.

ಹಂತ 7: ಕಾಗದಪತ್ರ ಮತ್ತು ಸಾಗಣೆ

ಟೈಟಲ್‌ನಲ್ಲಿರುವ (ಮಾಲೀಕತ್ವದ ಪತ್ರದಲ್ಲಿರುವ) ವಿನ್ ಒಳ ಫೆಂಡರಿನದಕ್ಕೆ ಅಕ್ಷರಕ್ಷರ ಹೊಂದಬೇಕು, ಮಾರುವವರ ಗುರುತಿನ ಚೀಟಿಯ ಹೆಸರು ಟೈಟಲ್ ಹೆಸರಿಗೆ ಹೊಂದಬೇಕು. ಸಾಲದ ನಮೂದಿದ್ದರೆ ತೀರಿದ ಪತ್ರ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಒಂದು ಅಕ್ಷರದ ತಪ್ಪನ್ನೂ “ಆಮೇಲೆ ಸರಿಮಾಡೋಣ” ಎಂದು ಒಪ್ಪಬೇಡಿ, ನಿಮ್ಮ ರಾಜ್ಯದ ನೋಂದಣಿ ಕಚೇರಿಯಲ್ಲಿ ಆ ತಪ್ಪು ನಿಮ್ಮದಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಮಾದರಿಗಳಿಗೆ ಸ್ಮಾಗ್ (ಹೊಗೆ) ಪರೀಕ್ಷೆಯಿಂದ ವಿನಾಯಿತಿ ಇದೆ.

ವಿಮೆ ಮಾಡಿಸುವಾಗ ಕಾರಿನ ಬೆಲೆಯನ್ನು ಮೊದಲೇ ಒಪ್ಪಿಕೊಳ್ಳುವ ಒಪ್ಪಿತ ಮೌಲ್ಯದ ಪಾಲಿಸಿಯನ್ನೇ ಕೇಳಿ. ಸಾಮಾನ್ಯ ಪಾಲಿಸಿ ಇದನ್ನು ಅರವತ್ತು ವರ್ಷದ ಸವೆದ ಕಾರೆಂದು ಲೆಕ್ಕ ಹಾಕುತ್ತದೆ. ಒಪ್ಪಿತ ಮೌಲ್ಯದವರು ಮುಚ್ಚಿದ ಗ್ಯಾರೇಜ್, ದಿನಬಳಕೆಗೆ ಬೇರೆ ಕಾರು ಇರಬೇಕೆಂದು ಸಾಮಾನ್ಯವಾಗಿ ಷರತ್ತು ಹಾಕುತ್ತಾರೆ. ಸಾಗಣೆ ಲಾರಿಗೆ ಹತ್ತಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ.

ಹಂತ 8: ಮನೆಗೆ ಬಂದ ಮೇಲಿನ ಕೆಲಸ, ಇದೇ ಕ್ರಮದಲ್ಲಿ

ಕೊಳ್ಳುವ ಹಣದ ಐದನೇ ಒಂದು ಭಾಗವನ್ನು ಈ ಹಂತಕ್ಕೆಂದೇ ಎತ್ತಿಟ್ಟಿರಿ. ಸ್ಟೀರಿಯೋ, ಹೊಸ ಚಕ್ರ, ಬಣ್ಣ ಎಲ್ಲ ಕಾಯಲಿ.

ಮೊದಲು ಬ್ರೇಕ್. ಮೂರು ರಬ್ಬರ್ ಹೋಸ್, ನಾಲ್ಕು ವೀಲ್ ಸಿಲಿಂಡರ್, ಹೊಸ ಡಾಟ್ 3 ದ್ರವ. ಪೂರ್ಣ ಅಸಲಿತನದ ಪಂಗಡದವರಲ್ಲದಿದ್ದರೆ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿಸಿ. ಅದು ಬೋಲ್ಟ್ ಬಿಚ್ಚಿದರೆ ಹೋಗುವ ಬದಲಾವಣೆ, ಹಳೆಯದನ್ನು ಹೆಸರು ಬರೆದು ಡಬ್ಬಿಯಲ್ಲಿಡಿ.

ನಂತರ ಟೈರ್. ಬದಿಯ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ ಹೇಳುತ್ತವೆ. ಹತ್ತು ವರ್ಷ ದಾಟಿದ್ದರೆ ಟೈರಿನ ಕಚ್ಚುಗಳು ಎಷ್ಟೇ ಆಳವಿದ್ದರೂ ಬದಲಿಸಿ.

ಮೂರನೆಯದು ಪೆಟ್ರೋಲ್ ಹೋಸ್‌ಗಳು. ಹಳೆಯ ರಬ್ಬರ್ ಈಗಿನ ಎಥನಾಲ್ ಮಿಶ್ರಿತ ಇಂಧನಕ್ಕೆ ಮೆತ್ತಗಾಗಿ ಬಿರುಕು ಬಿಡುತ್ತದೆ, ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿ. ಟ್ಯಾಂಕಿನ ಬಳಿಯದನ್ನೂ ಪಂಪ್ ಬಳಿಯದನ್ನೂ ಎಥನಾಲ್ ತಾಳುವ ಹೋಸಿನಿಂದ ಬದಲಿಸಿ. ಡಿಕ್ಕಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಸದಾ ಇರಲಿ.

ಆಮೇಲೆ ಆಯಿಲ್. 289ಗೆ ಫಿಲ್ಟರ್ ಸೇರಿ 5 ಕ್ವಾರ್ಟ್. ಈ ಎಂಜಿನ್‌ನ ಟ್ಯಾಪೆಟ್‌ಗಳು ಚಪ್ಪಟೆ ತಳದವು, ಕ್ಯಾಮ್ ಮೇಲೆ ಉಜ್ಜಿಕೊಂಡೇ ಓಡುತ್ತವೆ. ಈಗಿನ ಸಾಮಾನ್ಯ ಆಯಿಲ್‌ನಲ್ಲಿ ಸತು ಕಡಿಮೆ, ಕ್ಯಾಮಿನ ಉಬ್ಬು ಸವೆಯುತ್ತದೆ. ಹಳೆಯ ಕಾರುಗಳಿಗೆಂದೇ ಮಾರುವ, ಸತು ಹೆಚ್ಚಿರುವ ಆಯಿಲ್ ಕೊಳ್ಳಿ.

ಕೊನೆಗೆ ಇಗ್ನಿಷನ್. ಎರಡು ಬ್ಯಾರೆಲಿನ 289ಗೆ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದಿ 0.017 ಇಂಚು, ಪ್ಲಗ್ ಸಂದಿ 0.034 ಇಂಚು. ಟೈಮಿಂಗ್ ನೋಡುವಾಗ ವ್ಯಾಕ್ಯೂಮ್ ಹೋಸ್ ಕಳಚಿ ಬಾಯಿ ಮುಚ್ಚಿ, ಐಡಲ್‌ನಲ್ಲಿ 6 ಡಿಗ್ರಿಗೆ ಇಡಿ, ನಿಮ್ಮ ಕಾರಿನ ವರ್ಷದ ಶಾಪ್ ಮ್ಯಾನ್ಯುಯಲ್‌ನಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಪ್ಲಗ್ ವೈರ್‌ಗಳ ಕ್ರಮ 1-5-4-2-6-3-7-8. ಟ್ಯೂನ್ ಮಾಡಿದ ಮೇಲೆ ಎಂಜಿನ್ ಕೆಮ್ಮುತ್ತಿದ್ದರೆ ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಈ ಕ್ರಮವನ್ನೇ ಮತ್ತೊಮ್ಮೆ ನೋಡಿ, ಎರಡು ವೈರ್ ಅದಲುಬದಲಾಗಿರುತ್ತವೆ.

ಮೊದಲ 100 ಮೈಲಿ ಮನೆಯಿಂದ ಹತ್ತು ಮೈಲಿಯ ಒಳಗೇ ಓಡಿಸಿ. ಪ್ರತಿ ಸಲ ಬಂದ ಮೇಲೆ ಕಾರಿನಡಿ ಬಿಳಿ ರಟ್ಟು ಹಾಸಿಡಿ. ಬೆಳಗ್ಗೆ ಅದರ ಮೇಲಿನ ಕಲೆಯ ಬಣ್ಣ ಮತ್ತು ಜಾಗ ನೋಡಿದರೆ ಮುಂದಿನ ಕೆಲಸ ಎಲ್ಲಿಂದ ಶುರು ಎಂದು ತಿಳಿಯುತ್ತದೆ: ಮುಂದೆ ಹಸಿರಾಗಿದ್ದರೆ ಕೂಲೆಂಟ್, ನಡುವೆ ಕೆಂಪಾಗಿದ್ದರೆ ಗೇರ್‌ಬಾಕ್ಸ್, ಚಕ್ರದ ಬಳಿ ತಿಳಿಯಾಗಿದ್ದರೆ ಬ್ರೇಕ್, ಅದು ಕಂಡ ದಿನ ಕಾರು ತೆಗೆಯಬೇಡಿ.